‘ಸೇಫ್’ ದಿನಗಳ ಲೆಕ್ಕ ಎಲ್ಲಿ ತಪ್ಪುತ್ತದೆ? – ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞರ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ಅಂಡಾಣು ಯಾವಾಗ ಬಿಡುಗಡೆಯಾಗುತ್ತದೆ, ಯಾವ ದಿನ ಸೇರಿದರೆ ಗರ್ಭ ನಿಲ್ಲುತ್ತದೆ, ಬೇಡವೆಂದರೆ ಏನು ಮಾಡಬೇಕು. ಎಲ್ಲರೂ ಹೆಸರು ಬೇಡವೆಂದು ಬರೆದಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ನನಗೆ 26 ವರ್ಷ. ಮದುವೆಯಾಗಿ ಎಂಟು ತಿಂಗಳಾಯಿತು. ಇನ್ನೆರಡು ವರ್ಷ ಮಗು ಬೇಡ ಅಂದುಕೊಂಡಿದ್ದೇವೆ. ಮಾತ್ರೆ ತೆಗೆದುಕೊಳ್ಳಲು ಇಷ್ಟವಿಲ್ಲ. ತಲೆಸ್ನಾನ ಮಾಡಿದ ದಿನದಿಂದ ಎಣಿಸಿ, ಹತ್ತರಿಂದ ಹದಿನೇಳನೇ ದಿನದವರೆಗೆ ದೂರ ಇರುತ್ತೇವೆ. ಉಳಿದದ್ದು ಸೇಫ್ ಎಂದು ಅಕ್ಕ ಹೇಳಿದ್ದಾರೆ. ಕಳೆದ ಆರು ಸಲ ಮುಟ್ಟಿನ ಅಂತರ 29, 31, 27, 34, 28, 30 ದಿನ ಇತ್ತು. ನಮ್ಮ ಲೆಕ್ಕ ಸರಿಯೇ?
– ದಾವಣಗೆರೆ

ಸರಿಯಿಲ್ಲ. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಎಣಿಕೆಯ ಆರಂಭ. ಚೆನ್ನಾಗಿ ಕೆಂಪು ಸ್ರಾವ ಕಾಣಿಸಿದ ದಿನವೇ ಒಂದನೇ ದಿನ. ಹಿಂದಿನ ದಿನ ಕಂದು ಕಲೆ ಕಂಡಿದ್ದರೆ ಅದನ್ನು ಲೆಕ್ಕಕ್ಕೆ ಸೇರಿಸಬಾರದು, ನಾಲ್ಕನೇ ದಿನದ ತಲೆಸ್ನಾನದಿಂದಲೂ ಎಣಿಸಬಾರದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಸ್ನಾನದ ದಿನವೇ ನೆನಪಿನಲ್ಲಿ ಉಳಿಯುವುದರಿಂದ ಈ ತಪ್ಪು ತೀರಾ ಸಾಮಾನ್ಯ. ನಿಮ್ಮ ‘ಹತ್ತರಿಂದ ಹದಿನೇಳು’ ನಿಜಕ್ಕೂ ಹದಿಮೂರರಿಂದ ಇಪ್ಪತ್ತನೇ ದಿನ.

ಎರಡನೆಯದು ಇದಕ್ಕಿಂತ ದೊಡ್ಡದು. ಅಂಡಾಣು ಹೊರಬರುವ ದಿನ ಹಿಂದಿನ ಮುಟ್ಟಿಗಿಂತ ಮುಂದಿನ ಮುಟ್ಟಿಗೆ ಹೆಚ್ಚು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರುವವರೆಗಿನ ಅವಧಿ ಸಾಮಾನ್ಯವಾಗಿ 14 ದಿನ, ಕೆಲವರಲ್ಲಿ ಎರಡು ದಿನ ಹೆಚ್ಚು, ಕೆಲವರಲ್ಲಿ ಮೂರ್ನಾಲ್ಕು ದಿನ ಕಡಿಮೆ. ತಿಂಗಳಿಂದ ತಿಂಗಳಿಗೆ ಹಿಗ್ಗಿ ಕುಗ್ಗುವುದು ಮುಖ್ಯವಾಗಿ ಅದಕ್ಕೆ ಮುಂಚಿನ ಭಾಗ. ಹೀಗಾಗಿ 24 ದಿನಕ್ಕೆ ಮುಟ್ಟಾಗುವವರಲ್ಲಿ ಹತ್ತನೇ ದಿನದ ಆಸುಪಾಸು, 28 ದಿನದವರಲ್ಲಿ ಹದಿನಾಲ್ಕು, 35 ದಿನದವರಲ್ಲಿ ಇಪ್ಪತ್ತೊಂದು. ‘ಎಲ್ಲರಿಗೂ ಹದಿನಾಲ್ಕನೇ ದಿನ’ ಎನ್ನುವುದು ಪಠ್ಯಪುಸ್ತಕದ ಚಿತ್ರದಿಂದ ಬಂದ ನಂಬಿಕೆ. ಮುಂದಿನ ಮುಟ್ಟು ಯಾವತ್ತು ಎಂದು ಇವತ್ತೇ ಗೊತ್ತಿರುವುದಿಲ್ಲವಾದ್ದರಿಂದ ಕ್ಯಾಲೆಂಡರ್ ನೋಡಿ ಹೇಳುವುದೆಲ್ಲ ಅಂದಾಜೇ.

ಅಂಡಾಣುವಿನ ಆಯುಷ್ಯ 12ರಿಂದ 24 ಗಂಟೆ ಮಾತ್ರ. ವೀರ್ಯಾಣು ಹಾಗಲ್ಲ, ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಲೋಳೆ ಅನುಕೂಲವಾಗಿದ್ದರೆ ಐದು ದಿನ ಬದುಕಿ ಕಾಯುತ್ತದೆ. ಆದ್ದರಿಂದ ಗರ್ಭ ನಿಲ್ಲಬಹುದಾದ ದಿನಗಳು ಆರು: ಅಂಡ ಬಿಡುಗಡೆಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮಗು ಬೇಕೆಂದಿದ್ದ 221 ಮಹಿಳೆಯರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ದಿನ ಮೊದಲು ಸೇರಿದರೆ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ಶೇ 10. ಬಿಡುಗಡೆಯ ದಿನ ಸುಮಾರು ಶೇ 33. ಮರುದಿನದಿಂದ ಅದು ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಅಂದರೆ ಅಪಾಯವೆಲ್ಲ ಬಿಡುಗಡೆಯ ದಿನದವರೆಗಿನದು, ಆ ದಿನ ಯಾವುದೆಂದು ನಮಗೆ ಗೊತ್ತಾಗುವುದೋ ಆಮೇಲೆ.

ಈಗ ನಿಮ್ಮ ಅಂಕಿಗಳನ್ನು ನೋಡಿ. 27 ದಿನದ ತಿಂಗಳಲ್ಲಿ ಅಂಡ ಹೊರಬಂದದ್ದು ಸುಮಾರು ಹದಿಮೂರನೇ ದಿನ, ಗರ್ಭ ನಿಲ್ಲಬಹುದಾಗಿದ್ದ ದಿನಗಳು 8ರಿಂದ 13. ನೀವು ದೂರ ಇರಲು ಶುರುಮಾಡಿದ್ದೇ ಹದಿಮೂರರಂದು! ಆ ತಿಂಗಳು ನಿಮ್ಮನ್ನು ಕಾಪಾಡಿದ್ದು ಲೆಕ್ಕವಲ್ಲ.

ಕ್ಯಾಲೆಂಡರ್ ವಿಧಾನವನ್ನೇ ಅನುಸರಿಸುವುದಾದರೆ ಕನಿಷ್ಠ ಆರು ತಿಂಗಳ ದಾಖಲೆ ಬೇಕು. ಅದರಲ್ಲಿ ಅತಿ ಚಿಕ್ಕ ಅಂತರದಿಂದ 18 ಕಳೆಯಬೇಕು, ಅತಿ ದೊಡ್ಡದರಿಂದ 11 ಕಳೆಯಬೇಕು. ನಿಮ್ಮ ವಿಷಯದಲ್ಲಿ 27ರಲ್ಲಿ 18 ಹೋದರೆ 9; 34ರಲ್ಲಿ 11 ಹೋದರೆ 23. ಒಂಬತ್ತರಿಂದ ಇಪ್ಪತ್ತಮೂರನೇ ದಿನದವರೆಗೆ, ಅಂದರೆ ಹದಿನೈದು ದಿನ ದೂರ ಇರಬೇಕು ಅಥವಾ ಕಾಂಡೋಮ್ ಬಳಸಬೇಕು. ಮುಟ್ಟಿನ ದಿನಗಳನ್ನೂ ಕಳೆದರೆ ಉಳಿಯುವುದು ಎಷ್ಟೆಂದು ನೀವೇ ನೋಡಿ. ಈ ಲೆಕ್ಕದ ಬೇರು ಜಪಾನಿನ ವೈದ್ಯ ಒಗಿನೊ ಮತ್ತು ಆಸ್ಟ್ರಿಯಾದ ಕ್ನೌಸ್ 1920ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಸಂಗತಿಯಲ್ಲಿದೆ. ಇದನ್ನು ಗರ್ಭ ತಡೆಯಲು ಬಳಸುವುದಕ್ಕೆ ಒಗಿನೊ ಅವರದೇ ವಿರೋಧವಿತ್ತು.

ಇನ್ನೊಂದು ಸರಳ ವಿಧಾನದಲ್ಲಿ, ಮುಟ್ಟಿನ ಅಂತರ ಸದಾ 26ರಿಂದ 32 ದಿನದೊಳಗೆ ಇರುವವರು 8ರಿಂದ 19ನೇ ದಿನದವರೆಗೆ ಎಚ್ಚರ ವಹಿಸುತ್ತಾರೆ. ಅದಕ್ಕೆಂದೇ ದಿನ ಎಣಿಸುವ ಬಣ್ಣದ ಮಣಿಸರ ಬಂದಿದೆ. ವರ್ಷಕ್ಕೆ ಎರಡು ಸಲ ಅಂತರ ಈ ಮಿತಿ ದಾಟಿದರೆ ಅದು ಹೊಂದುವುದಿಲ್ಲ. ನಿಮ್ಮದು ಆಗಲೇ ಒಮ್ಮೆ 34 ಆಗಿದೆ. ಈ ವಿಧಾನವನ್ನು ತಪ್ಪಿಲ್ಲದೆ ಪಾಲಿಸಿದರೂ ವರ್ಷಕ್ಕೆ ನೂರರಲ್ಲಿ ಐವರು ಗರ್ಭಿಣಿಯಾಗುತ್ತಾರೆ, ಸಾಮಾನ್ಯ ಬಳಕೆಯಲ್ಲಿ ಹನ್ನೆರಡು ಮಂದಿ. ಎರಡು ವರ್ಷ ಖಂಡಿತ ಬೇಡವೆಂದಿದ್ದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನವಾದ ಕಾಪರ್ ಟಿ ಬಗ್ಗೆ ಯೋಚಿಸಿ. ಅದರಲ್ಲಿ ಹಾರ್ಮೋನ್ ಇಲ್ಲ, ಬೇಕೆಂದಾಗ ತೆಗೆಸಬಹುದು, ಮಗುವಾಗದವರಿಗೂ ಹಾಕುತ್ತಾರೆ. ಮೊದಲ ಕೆಲವು ತಿಂಗಳು ಸ್ರಾವ, ಹೊಟ್ಟೆನೋವು ಹೆಚ್ಚಬಹುದು.

ಮೊಬೈಲ್ ಆ್ಯಪ್‌ನಲ್ಲಿ ಅಂಡೋತ್ಪತ್ತಿಯ ದಿನ ತೋರಿಸುತ್ತದೆ. ನನಗೆ ಪಿಸಿಓಎಸ್ (ಅಂಡ ನಿಯಮಿತವಾಗಿ ಬಿಡುಗಡೆಯಾಗದ ಹಾರ್ಮೋನ್ ತೊಂದರೆ) ಇದೆ, 40ರಿಂದ 65 ದಿನಕ್ಕೊಮ್ಮೆ ಮುಟ್ಟು. ಆ್ಯಪ್ ನಂಬಬಹುದೇ? ಅಂಗಡಿಯಲ್ಲಿ ಸಿಗುವ ಕಿಟ್ ಉಪಯೋಗವೇ? ಪಿಸಿಓಎಸ್ ಇದ್ದರೆ ಹೇಗೂ ಗರ್ಭ ನಿಲ್ಲುವುದಿಲ್ಲ ಎನ್ನುತ್ತಾರಲ್ಲ?
– ಬೆಂಗಳೂರು

ಕೊನೆಯ ಮಾತನ್ನು ಮೊದಲು ಬಿಡಿ. ಪಿಸಿಓಎಸ್‌ನಲ್ಲಿ ಅಂಡ ಅಪರೂಪಕ್ಕೆ, ಹೇಳದೆ ಕೇಳದೆ ಬಿಡುಗಡೆಯಾಗುತ್ತದೆಯೇ ಹೊರತು ಆಗುವುದೇ ಇಲ್ಲ ಎಂದಲ್ಲ. ‘ನಮಗೆ ಆಗಲ್ಲ’ ಎಂದುಕೊಂಡು ಮೂರು ತಿಂಗಳ ಬಸುರಿಯಾಗಿ ಬರುವವರಿದ್ದಾರೆ. ಮುಟ್ಟು ತಡವಾಗುವುದು ಅವರಿಗೆ ಹೊಸದಲ್ಲವಾದ್ದರಿಂದ ಅನುಮಾನವೇ ಬಂದಿರುವುದಿಲ್ಲ.

ಆ್ಯಪ್ ನಿಮ್ಮ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಮುಂದಿನದನ್ನು ಊಹಿಸುತ್ತದೆ. 40ರಿಂದ 65ರವರೆಗೆ ಓಡಾಡುವ ಅಂತರಕ್ಕೆ ಸರಾಸರಿಯಿಂದ ಉಪಯೋಗವಿಲ್ಲ. ಮುಟ್ಟಿನ ದಿನಾಂಕ ಬರೆದಿಡಲು ಮಾತ್ರ ಬಳಸಿ.

ಕಿಟ್ ಅಳೆಯುವುದು ಮೂತ್ರದಲ್ಲಿನ ಎಲ್‌ಎಚ್ ಹಾರ್ಮೋನನ್ನು. ಅದು ಏರಿದ ಮೇಲೆ ಸುಮಾರು 24ರಿಂದ 36 ಗಂಟೆಯಲ್ಲಿ ಅಂಡ ಹೊರಬರುತ್ತದೆ. ಮಗು ಬೇಕೆನ್ನುವವರಿಗೆ ಇದು ಒಳ್ಳೆಯ ಸಾಧನ. ಬೇಡವೆನ್ನುವವರಿಗೆ ಸುದ್ದಿ ತಡವಾಗಿ ತಲುಪುತ್ತದೆ. ಮೂರು ದಿನ ಹಿಂದೆ ಒಳಸೇರಿದ ವೀರ್ಯಾಣು ಅಲ್ಲೇ ಇರುತ್ತದೆ. ಅದೂ ಅಲ್ಲದೆ ಪಿಸಿಓಎಸ್ ಇರುವವರಲ್ಲಿ ಎಲ್‌ಎಚ್ ಸದಾ ಮೇಲೇ ಇರುವುದುಂಟು, ಆಗ ಕಿಟ್ ದಿನವೂ ‘ಹೌದು’ ಎನ್ನುತ್ತದೆ.

ಬೆಳಗ್ಗೆ ಏಳುವ ಮುನ್ನ ದೇಹದ ಉಷ್ಣತೆ ನೋಡುವ ವಿಧಾನವೂ ಹಾಗೆಯೇ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟಿರಾನ್ ಹಾರ್ಮೋನಿನಿಂದಾಗಿ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅಂದರೆ ಆಗಿಹೋದದ್ದನ್ನು ಹೇಳುತ್ತದೆ. ರಾತ್ರಿ ಪಾಳಿ, ಜ್ವರ, ನಿದ್ದೆಗೆಟ್ಟ ದಿನಗಳಲ್ಲಿ ಅದೂ ಕೆಡುತ್ತದೆ. ಮುಂಚಿತವಾಗಿ ಸುಳಿವು ಕೊಡುವುದು ಬಿಳಿ ಸ್ರಾವ ಮಾತ್ರ: ಮಂದವಾಗಿ ಅಂಟಂಟಾಗಿದ್ದದ್ದು ಹಸಿ ಮೊಟ್ಟೆಯ ಬಿಳಿಭಾಗದಂತೆ ತೆಳ್ಳಗಾಗಿ, ಎರಡು ಬೆರಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ಅಂಥ ಸ್ರಾವ ಕಂಡರೆ ಅಪಾಯದ ದಿನಗಳು ಶುರುವಾಗಿವೆ ಎಂದರ್ಥ. ತುರಿಕೆ, ವಾಸನೆ, ಮೊಸರಿನಂಥ ಗಂಟುಗಳಿದ್ದರೆ ಅದು ಸೋಂಕು, ಚಿಕಿತ್ಸೆ ಬೇಕು.

ಮುಟ್ಟಿನ ಐದನೇ ದಿನ ಸೇರಿದರೆ ಗರ್ಭ ನಿಲ್ಲುತ್ತದೆಯೇ? ಆಮೇಲೆ ಮೂತ್ರ ಮಾಡಿ ಬಿಸಿನೀರಿನಲ್ಲಿ ತೊಳೆದುಕೊಂಡರೆ ಸಾಲದೇ?
– ವಿಜಯಪುರ

ನಿಲ್ಲುವ ಸಾಧ್ಯತೆ ಕಡಿಮೆ, ಇಲ್ಲವೆನ್ನಲಾಗದು. 23–24 ದಿನಕ್ಕೇ ಮುಟ್ಟಾಗುವವರಲ್ಲಿ ಒಂಬತ್ತು, ಹತ್ತನೇ ದಿನಕ್ಕೆ ಅಂಡ ಹೊರಬರುತ್ತದೆ. ಐದನೇ ದಿನದ ವೀರ್ಯಾಣು ಅಲ್ಲಿಯವರೆಗೆ ಬದುಕಬಲ್ಲದು. ತೊಳೆಯುವುದರಿಂದ ಏನೂ ಆಗದು. ವೀರ್ಯಾಣು ಕೆಲವೇ ನಿಮಿಷದಲ್ಲಿ ಗರ್ಭಕೊರಳು ಸೇರಿರುತ್ತದೆ, ಮೂತ್ರದ ದಾರಿಯೋ ಬೇರೆಯೇ. ಒಳಗೆ ನೀರು, ಡೆಟಾಲ್ ಹಾಯಿಸಿದರೆ ಸೋಂಕು ಮಾತ್ರ ಬರುತ್ತದೆ. ವೀರ್ಯವನ್ನು ಹೊರಗೆ ವಿಸರ್ಜಿಸುವುದನ್ನು ನಂಬಿದವರಲ್ಲೂ ವರ್ಷಕ್ಕೆ ನೂರರಲ್ಲಿ ಇಪ್ಪತ್ತು ಮಂದಿ ಗರ್ಭಿಣಿಯಾಗುತ್ತಾರೆ.

ಹತ್ತನೇ ದಿನ ಕಾಂಡೋಮ್ ಹರಿಯಿತು. ಮರುದಿನ ತುರ್ತು ಮಾತ್ರೆ ನುಂಗಿದೆ. ಆರು ದಿನಕ್ಕೆ ಸ್ವಲ್ಪ ಸ್ರಾವವಾಯಿತು. ಮುಟ್ಟೇ ಬಂತು ಅಂದುಕೊಂಡು ಆಮೇಲೆ ಎರಡು ಸಲ ಏನೂ ಬಳಸದೆ ಸೇರಿದ್ದೇವೆ. ಈಗ ಭಯ. ಈ ಮಾತ್ರೆಯಿಂದ ಗರ್ಭಕೋಶ ಹಾಳಾಗುತ್ತದೆಯೇ?
– ಮೈಸೂರು

ಗರ್ಭಕೋಶ ಹಾಳಾಗುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯೂ ಇಲ್ಲ. ನೀವು ಭಯಪಡಬೇಕಾದದ್ದು ಆಮೇಲಿನ ಆ ಎರಡು ಸಲದ ಬಗ್ಗೆ.

ತುರ್ತು ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್. ಅದರ ಕೆಲಸ ಅಂಡ ಬಿಡುಗಡೆಯನ್ನು ಮುಂದೂಡುವುದು. ಎಲ್‌ಎಚ್ ಏರಲು ಶುರುವಾಗುವ ಮೊದಲು ನುಂಗಿದರೆ ಬಿಡುಗಡೆ ತಡವಾಗುತ್ತದೆ, ಅಷ್ಟರಲ್ಲಿ ಒಳಗಿದ್ದ ವೀರ್ಯಾಣು ಸತ್ತಿರುತ್ತದೆ. ಎಲ್‌ಎಚ್ ಏರಿಬಿಟ್ಟಿದ್ದರೆ ಅಥವಾ ಅಂಡ ಬಂದಾಗಿದ್ದರೆ ಮಾತ್ರೆಗೆ ಮಾಡಲು ಕೆಲಸವಿಲ್ಲ; ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ. 72 ಗಂಟೆಯೊಳಗೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಮೂರನೇ ದಿನದವರೆಗೆ ಕಾಯಬಾರದು ಎನ್ನುವುದು ಇದಕ್ಕೇ.

ಬಹಳ ಮಂದಿಗೆ ತಿಳಿಯದಿರುವುದು ಇನ್ನೊಂದಿದೆ. ಮುಂದೂಡಿದ ಅಂಡ ರದ್ದಾಗಿಲ್ಲ. ಹದಿನಾಲ್ಕರಂದು ಬರಬೇಕಾದದ್ದು ಹತ್ತೊಂಬತ್ತಕ್ಕೋ ಇಪ್ಪತ್ತೊಂದಕ್ಕೋ ಬರಬಹುದು. ನೀವು ಸೇಫ್ ಎಂದುಕೊಂಡಿದ್ದು ಸರಿಯಾಗಿ ಆ ದಿನಗಳನ್ನೇ. ಮಾತ್ರೆ ನುಂಗಿದ ಕೆಲವೇ ದಿನಕ್ಕೆ ಕಾಣುವ ಸ್ರಾವ ಹಾರ್ಮೋನಿನ ಏರುಪೇರಿನಿಂದ ಆದದ್ದು, ಅದನ್ನು ಒಂದನೇ ದಿನವೆಂದು ಎಣಿಸಬೇಡಿ. ಕೊನೆಯ ಸಲ ಸೇರಿ ಇನ್ನೂ 72 ಗಂಟೆ ಆಗಿಲ್ಲದಿದ್ದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬಹುದು. ಐದು ದಿನದೊಳಗಾದರೆ ಕಾಪರ್ ಟಿ ಹಾಕಿಸುವುದು ಎಲ್ಲಕ್ಕಿಂತ ಖಚಿತ, ವಿಫಲವಾಗುವುದು ಶೇ 1ಕ್ಕೂ ಕಡಿಮೆ. ಹಾಗಿಲ್ಲವಾದರೆ ಮುಟ್ಟು ಬರುವವರೆಗೆ ಕಾಂಡೋಮ್ ಬಳಸಿ, ಕೊನೆಯ ಸಲ ಸೇರಿದ ಮೂರು ವಾರಕ್ಕೆ ಪರೀಕ್ಷೆ ಮಾಡಿಕೊಳ್ಳಿ.

ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಇದರ ಶಕ್ತಿ ಕುಂದುತ್ತದೆ. ಅವರು, ತೂಕ ಬಹಳ ಹೆಚ್ಚಿರುವವರು ಕಾಪರ್ ಟಿ ಬಗ್ಗೆ ವೈದ್ಯರನ್ನು ಕೇಳುವುದು ಮೇಲು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಂಡಿದ್ದೆ. ಹಾರ್ಮೋನ್ ಮಾತ್ರೆಯಲ್ಲವೇ, ಆ ದಿನಗಳಲ್ಲಿ ಗರ್ಭ ನಿಲ್ಲುವುದಿಲ್ಲವಷ್ಟೆ? ನಿಲ್ಲಿಸಿ ಹತ್ತು ದಿನವಾದರೂ ಮುಟ್ಟಾಗಿಲ್ಲ.
– ತುಮಕೂರು

ಅದು ನೊರೆಥಿಸ್ಟಿರಾನ್ ಇರಬೇಕು: 5 ಮಿಲಿಗ್ರಾಂ, ದಿನಕ್ಕೆ ಮೂರು, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲಿನಿಂದ. ಗರ್ಭನಿರೋಧಕವೆಂದು ಅದನ್ನು ನಂಬುವಂತಿಲ್ಲ. ನೀವು ಶುರುಮಾಡುವ ಹೊತ್ತಿಗೆ ಆ ತಿಂಗಳ ಅಂಡ ಬಂದುಹೋಗಿರುತ್ತದೆ. ಗರ್ಭ ನಿಂತಿದ್ದರೆ ಆಗಲೇ ನಿಂತಿರುತ್ತದೆ. ಮುಟ್ಟು ನಿಂತದ್ದು ಮಾತ್ರೆಯಿಂದಲೋ ಬಸಿರಿನಿಂದಲೋ ತಿಳಿಯದ ಹಾಗಾಗುತ್ತದೆ ಅಷ್ಟೇ. ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಬರಬೇಕು. ನಿಮಗೆ ಹತ್ತು ದಿನವಾಗಿದೆ, ನಾಳೆ ಬೆಳಗ್ಗೆಯೇ ಪರೀಕ್ಷೆ ಮಾಡಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಈ ಮಾತ್ರೆಯನ್ನು ಪಕ್ಕದ ಮನೆಯವರ ಚೀಟಿ ನೋಡಿ ನುಂಗಬಾರದು. ಮತ್ತೆ, ಹೀಗೆ ಎಳೆದ ತಿಂಗಳನ್ನು ಆರು ತಿಂಗಳ ದಾಖಲೆಗೆ ಸೇರಿಸಬೇಡಿ. ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ.

ಮಗುವಿಗೆ ಏಳು ತಿಂಗಳು, ಎದೆಹಾಲು ಕೊಡುತ್ತಿದ್ದೇನೆ. ಹೆರಿಗೆಯಾದ ಮೇಲೆ ಮುಟ್ಟೇ ಆಗಿಲ್ಲ. ಮುಟ್ಟಾಗುವವರೆಗೆ ಭಯವಿಲ್ಲ ಎಂದು ಅತ್ತೆ ಹೇಳುತ್ತಾರೆ.
– ಕೊಪ್ಪಳ

ಅತ್ತೆಯವರ ಮಾತು ಮೊದಲ ಆರು ತಿಂಗಳ ಮಟ್ಟಿಗೆ ಬಹುತೇಕ ನಿಜ, ಅದೂ ಮೂರು ಷರತ್ತು ಒಟ್ಟಿಗೆ ಇದ್ದಾಗ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರೂ ಇದ್ದರೆ ರಕ್ಷಣೆ ಶೇ 98ರಷ್ಟು. ರಾಗಿ ಸರಿ ತಿನ್ನಿಸಲು ಶುರುಮಾಡಿ ರಾತ್ರಿಯ ಹಾಲು ಕಡಿಮೆಯಾದರೆ ಅಂಡಾಶಯ ಎಚ್ಚೆತ್ತುಕೊಳ್ಳುತ್ತದೆ. ಮೊದಲ ಮುಟ್ಟಿಗೆ ಎರಡು ವಾರ ಮುಂಚೆಯೇ ಅಂಡ ಬರಬಹುದು. ಹಾಗಾಗಿಯೇ ನಡುವೆ ಒಮ್ಮೆಯೂ ಮುಟ್ಟು ಕಾಣದೆ ಎರಡನೇ ಬಸಿರು ನಿಲ್ಲುತ್ತದೆ. ಎದೆಹಾಲು ಕೊಡದವರಲ್ಲಂತೂ ಹೆರಿಗೆಯಾದ ನಾಲ್ಕು ವಾರದೊಳಗೇ ಅಂಡ ಬರಬಹುದು.

ಮೊದಲು ಪರೀಕ್ಷೆ ಮಾಡಿಕೊಳ್ಳಿ. ಇಲ್ಲವೆಂದಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಕಾಪರ್ ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ ಮೂರೂ ಹಾಲಿಗೆ ತೊಂದರೆ ಮಾಡುವುದಿಲ್ಲ. ಛಾಯಾವನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಉದಾಹರಣೆಗೆ ಭಾನುವಾರ ಮತ್ತು ಬುಧವಾರ, ಆಮೇಲೆ ವಾರಕ್ಕೊಂದು, ಅದೇ ಭಾನುವಾರ. ಹೆಚ್ಚಿನವರು ಮರೆಯುವುದು ವಾರದ ನಡುವಿನ ಆ ಎರಡನೇ ಮಾತ್ರೆಯನ್ನು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ನಾನು ದುಬೈನಿಂದ ಜೂನ್ 12ರಂದು ಊರಿಗೆ ಬಂದೆ. ಜುಲೈ 13ರಂದು ಹೆಂಡತಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಆರು ವಾರ ಎಂದು ಬರೆದಿದ್ದಾರೆ. ನಾನು ಬಂದು ನಾಲ್ಕೂವರೆ ವಾರವೂ ಆಗಿರಲಿಲ್ಲ. ಇದು ಹೇಗೆ?
– ಭಟ್ಕಳ

ಇದು ಹೀಗೇ ಇರಬೇಕು. ಹೆಂಡತಿಯನ್ನು ಒಂದು ಮಾತೂ ಕೇಳುವ ಮೊದಲು ಈ ಲೆಕ್ಕ ಓದಿಕೊಳ್ಳಿ.

ಗರ್ಭದ ವಾರಗಳನ್ನು ವೈದ್ಯರು ದಂಪತಿ ಸೇರಿದ ದಿನದಿಂದ ಎಣಿಸುವುದಿಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ತಾಯಿ ಕಾರ್ಡ್‌ನಲ್ಲಿ ಬರೆಯುವುದೂ ಅದನ್ನೇ. ಜುಲೈ 13ಕ್ಕೆ ಆರು ವಾರವೆಂದರೆ 42 ದಿನ, ಅಂದರೆ ಮುಟ್ಟಾದದ್ದು ಜೂನ್ 1ರ ಹೊತ್ತಿಗೆ. 28 ದಿನದ ಅಂತರವಿದ್ದರೆ ಅಂಡ ಹೊರಬಂದದ್ದು ಜೂನ್ 15ರ ಸುಮಾರಿಗೆ, ನೀವು ಬಂದ ಮೂರನೇ ದಿನ. ಭ್ರೂಣದ ನಿಜವಾದ ವಯಸ್ಸು ನಾಲ್ಕು ವಾರ. ವರದಿಯಲ್ಲಿ ಅದರ ಮೇಲೆ ಎರಡು ವಾರ ಕೂಡಿಸಿ ಬರೆಯುವುದೇ ಪದ್ಧತಿ. ಸ್ಕ್ಯಾನಿಂಗ್ ಯಂತ್ರ ಭ್ರೂಣದ ಕೆಲವೇ ಮಿಲಿಮೀಟರ್ ಉದ್ದ ಅಳೆದು ಅದೇ ಪದ್ಧತಿಯಲ್ಲಿ ವಾರ ತೋರಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಐದರಿಂದ ಏಳು ದಿನ ಹಿಂದುಮುಂದಾಗುವುದು ಸಹಜ. ಹೆರಿಗೆಯ ದಿನವನ್ನೂ ಇದೇ ಲೆಕ್ಕದಲ್ಲಿ 280 ದಿನಕ್ಕೆ ಹಾಕುತ್ತಾರೆ, ನಿಮ್ಮದು ಮಾರ್ಚ್ 8. ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಮನೆಗಳಲ್ಲಿ ಈ ಎರಡು ವಾರದ ತಪ್ಪು ತಿಳಿವಳಿಕೆಯಿಂದ ಆಗುವ ಜಗಳಗಳು ಸಣ್ಣವಲ್ಲ. ವರದಿ ಕೈಗೆ ಕೊಡುವಾಗಲೇ ಇದನ್ನು ಹೇಳಿ ಕಳಿಸುವುದು ಆಸ್ಪತ್ರೆಯವರ ಜವಾಬ್ದಾರಿ.

ನನಗೆ 21, ಮದುವೆಯಾಗಿಲ್ಲ, ಪಿಜಿಯಲ್ಲಿದ್ದೇನೆ. ಮುಟ್ಟು ಒಂಬತ್ತು ದಿನ ತಡವಾಗಿದೆ. ಮೆಡಿಕಲ್‌ನಲ್ಲಿ ಮಾತ್ರೆ ತಂದು ನುಂಗಿಬಿಡು ಎಂದು ಗೆಳತಿ ಹೇಳುತ್ತಾಳೆ. ಆಸ್ಪತ್ರೆಗೆ ಹೋದರೆ ಮನೆಗೆ ತಿಳಿಸುತ್ತಾರೆಯೇ?
– ಹುಬ್ಬಳ್ಳಿ

ಮಾತ್ರೆಗೆ ಮೊದಲು ಪರೀಕ್ಷೆ. ಬೆಳಗಿನ ಮೊದಲ ಮೂತ್ರವನ್ನು ಒಣಗಿದ ಲೋಟದಲ್ಲಿ ಹಿಡಿದು, ಕಿಟ್‌ನ ಗುಂಡಿಗೆ ಎರಡು ಮೂರು ಹನಿ ಹಾಕಿ ಐದು ನಿಮಿಷ ಕಾಯಿರಿ. ಸಿ ಎದುರು ಮಾತ್ರ ಗೆರೆ ಬಂದರೆ ಇಲ್ಲ. ಸಿ ಮತ್ತು ಟಿ ಎರಡರಲ್ಲೂ ಬಂದರೆ, ಟಿ ಗೆರೆ ಎಷ್ಟೇ ಮಸುಕಾಗಿರಲಿ, ಗರ್ಭ ನಿಂತಿದೆ ಎಂದೇ ತಿಳಿಯಬೇಕು. ಸಿ ಗೆರೆ ಬಾರದಿದ್ದರೆ ಕಿಟ್ ಕೆಟ್ಟಿದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಮೂಡಿದ ಗೆರೆಗೆ ಬೆಲೆ ಇಲ್ಲ. ಆಶಾ ಕಾರ್ಯಕರ್ತೆಯರ ಬಳಿ ನಿಶ್ಚಯ್ ಕಿಟ್ ಸಿಗುತ್ತದೆ.

ಇಲ್ಲವೆಂದು ಬಂದರೂ ಮುಟ್ಟಾಗದಿದ್ದರೆ ವಾರ ಬಿಟ್ಟು ಮತ್ತೆ ನೋಡಿ. ಕಾಲೇಜು ಪರೀಕ್ಷೆಯ ಒತ್ತಡ, ಜ್ವರ, ಪ್ರಯಾಣ, ಥೈರಾಯ್ಡ್ ಏನಾದರೂ ಅಂಡ ಬಿಡುಗಡೆಯನ್ನು ತಡಮಾಡಿದ್ದರೆ ಮುಟ್ಟೂ ಅಷ್ಟೇ ದಿನ ತಡವಾಗುತ್ತದೆ.

ಹೌದೆಂದು ಬಂದರೆ ಗೆಳತಿಯ ಮಾತು ಕೇಳಬೇಡಿ. ಗರ್ಭಪಾತದ ಮಾತ್ರೆ ಕೊಡುವ ಮುನ್ನ ಎಷ್ಟು ವಾರ, ಗರ್ಭ ಗರ್ಭಕೋಶದಲ್ಲೇ ಇದೆಯೇ ಎಂದು ನೋಡಬೇಕು. ಅಂಡನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಹೋಗುವುದಿಲ್ಲ. ಸ್ರಾವವಾಯಿತೆಂದು ನೀವು ನಿಶ್ಚಿಂತೆಯಾಗಿರುವಾಗ ಒಳಗೆ ನಾಳ ಒಡೆದು ಜೀವಕ್ಕೇ ಬರುತ್ತದೆ. ಒಂದೇ ಕಡೆ ತೀವ್ರ ಹೊಟ್ಟೆನೋವು, ಹೆಗಲ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಕಾನೂನು ನಿಮ್ಮ ಕಡೆ ಇದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದ ಕಾರಣ ಅವಿವಾಹಿತೆಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದು ಎಂದಿದೆ. ಹದಿನೆಂಟು ತುಂಬಿದವರಿಗೆ ಅವರ ಒಪ್ಪಿಗೆಯೊಂದೇ ಸಾಕು. ತಂದೆತಾಯಿಯದ್ದೋ ಗೆಳೆಯನದ್ದೋ ಸಹಿ ಕೇಳುವಂತಿಲ್ಲ, ನಿಮ್ಮ ಗುರುತು ಹೊರಗೆ ಬಿಡುವುದು ಅಪರಾಧ. ಮಾತ್ರೆಯಿಂದ ಆಗುವುದು ಕೊನೆಯ ಮುಟ್ಟಿನಿಂದ ಒಂಬತ್ತು ವಾರದೊಳಗೆ. ನಿಮ್ಮ ಮುಟ್ಟಿನ ಅಂತರ 28 ಆಗಿದ್ದರೆ ಆಗಲೇ ಐದು ವಾರ ದಾಟಿದೆ, ಈ ವಾರವೇ ಹೋಗಿ.

46 ವರ್ಷ. ಐದು ತಿಂಗಳಿಂದ ಮುಟ್ಟಿಲ್ಲ. ಇನ್ನು ಕಾಂಡೋಮ್ ಬೇಕೇ?
– ಶಿವಮೊಗ್ಗ

ಬೇಕು. ಮುಟ್ಟು ನಿಲ್ಲುವ ಕಾಲದಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಅಂಡಾಶಯ ನಡುವೆ ಒಮ್ಮೆ ಅಂಡ ಬಿಟ್ಟುಬಿಡುತ್ತದೆ. ಐವತ್ತರೊಳಗೆ ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತು ದಾಟಿದ ಮೇಲೆ ನಿಂತರೆ ಒಂದು ವರ್ಷ ಮುಂದುವರಿಸಿ. ಸದ್ಯಕ್ಕೆ ಒಂದು ಮೂತ್ರ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.